ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕಾಫಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಗಟ್ಟಿ ಮಾಡಿಕೊಂಡವರು ಊಟ ಕಡಿಮೆಯಾಗುವುದಕ್ಕೆ ಹೇಗೋ ಸಿದ್ಧರಾಗಿರುತ್ತಾರೆ. ಬೆಳಗಿನ ಕಾಫಿಯ ಮಾತು ಬಂದಾಗ ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ. ಇಲ್ಲಿನ ಉತ್ತರಗಳನ್ನು ಜಠರದ ಸ್ಲೀವ್ ಅಥವಾ ಬೈಪಾಸ್ ಮಾಡಿಸಿಕೊಂಡ ವಯಸ್ಕರನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ. ನಿಮ್ಮ ಶಸ್ತ್ರಚಿಕಿತ್ಸಕರು ಬರೆದುಕೊಟ್ಟ ಸೂಚನೆಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡುಬಂದರೆ ಅವರ ಸೂಚನೆಯೇ ನಡೆಯಬೇಕು. ನಿಮ್ಮ ಹೊಟ್ಟೆಯೊಳಗೆ ಏನು ಮಾಡಲಾಗಿದೆ ಎಂಬುದನ್ನು ಕಣ್ಣಾರೆ ಕಂಡವರು ಅವರು.

ಶಸ್ತ್ರಚಿಕಿತ್ಸೆಯಾದ ಮೇಲೆ ಕಾಫಿಯನ್ನು ಜೀವನಪೂರ್ತಿ ಬಿಡಬೇಕೇ?

ಹೆಚ್ಚಿನವರು ಬಿಡಬೇಕಾಗಿಲ್ಲ. ಆದರೆ ಹಿಂದಿನಂತೆ ಯೋಚಿಸದೆ ಕುಡಿಯುವ ಸ್ವಾತಂತ್ರ್ಯ ಮಾತ್ರ ಹೋಗುತ್ತದೆ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಸುಮಾರು 100ರಿಂದ 150 ಮಿಲಿಲೀಟರ್ ಹಿಡಿಯುವ ಕಿರಿದಾದ ಕೊಳವೆಯೊಂದನ್ನಷ್ಟೇ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯನ್ನು ಚಿಕ್ಕ ಚೀಲವಾಗಿ ಬೇರ್ಪಡಿಸಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ; ಆ ಚೀಲ ಆರಂಭದಲ್ಲಿ ಹಿಡಿಯುವುದು ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು. ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ, 60 ಗ್ರಾಂಗೆ ಕಡಿಮೆಯಿಲ್ಲದ ಪ್ರೋಟೀನ್ ಮತ್ತು ಜೀವಸತ್ವ, ಖನಿಜಗಳ ಹಲವು ಮಾತ್ರೆಗಳು ಸಾಗಬೇಕು. ಕಾಫಿ ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದಕ್ಕಿಂತ, ಈ ಸಾಲಿನಲ್ಲಿ ಅದು ಯಾವುದರ ಜಾಗವನ್ನು ಕಿತ್ತುಕೊಳ್ಳುತ್ತಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಮುಂದಿನ ಬಹುತೇಕ ಉತ್ತರಗಳು ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಎಷ್ಟು ದಿನಗಳಾದ ಮೇಲೆ ಮೊದಲ ಕಾಫಿ ಕುಡಿಯಬಹುದು?

ಎಲ್ಲ ಆಸ್ಪತ್ರೆಗಳೂ ಒಪ್ಪಿಕೊಂಡ ಒಂದೇ ದಿನಾಂಕವಿಲ್ಲ. ಕೆಲವರು ಎರಡು ಮೂರು ವಾರಗಳಲ್ಲಿ ಅನುಮತಿ ಕೊಡುತ್ತಾರೆ, ಕೆಲವರು ಒಂದು ತಿಂಗಳು ಕಾಯಲು ಹೇಳುತ್ತಾರೆ, ಇನ್ನು ಕೆಲವರು ಮೂರು ತಿಂಗಳವರೆಗೂ ಕೆಫೀನ್ ಬೇಡವೆನ್ನುತ್ತಾರೆ. ನೆರೆಯವರಿಗೆ ಕೊಟ್ಟ ಅವಧಿಗೂ ನಿಮಗೆ ಕೊಟ್ಟ ಅವಧಿಗೂ ತಾಳೆಯಾಗದಿದ್ದರೆ ಯಾರೋ ತಪ್ಪು ಹೇಳಿದ್ದಾರೆಂದು ಅರ್ಥವಲ್ಲ. ಮೊದಲ ವಾರಗಳಲ್ಲಿ ಹೊಲಿಗೆಯ ಸಾಲು ಮಾಯುತ್ತಿರುತ್ತದೆ, ಊತದಿಂದಾಗಿ ದಾರಿ ಮತ್ತಷ್ಟು ಕಿರಿದಾಗಿರುತ್ತದೆ, ನೀರನ್ನೂ ಗುಟುಕು ಗುಟುಕಾಗಿಯೇ ಕುಡಿಯಬೇಕಾಗಿರುತ್ತದೆ. ವಾಕರಿಕೆ, ವಾಂತಿ ಮತ್ತು ನಿರ್ಜಲೀಕರಣ ಈ ಅವಧಿಯಲ್ಲಿ ರೋಗಿಗಳನ್ನು ಮತ್ತೆ ಆಸ್ಪತ್ರೆಗೆ ಕರೆತರುವ ಸಾಮಾನ್ಯ ಕಾರಣಗಳು. ಹೀಗಿರುವಾಗ ಎಚ್ಚರಿಕೆಯ ಕಡೆಗೆ ವಾಲುವುದು ಸಹಜ.

ಕ್ಯಾಲೆಂಡರಿನ ಜೊತೆಗೆ ದೇಹದ ಕಡೆಗೂ ನೋಡುವುದು ಉತ್ತಮ. ವೈದ್ಯರು ಹೇಳಿದ ಅವಧಿ ಮುಗಿದಿದ್ದರೂ ದಿನಕ್ಕೆ ಒಂದೂವರೆ ಲೀಟರ್ ದ್ರವ ಸಲೀಸಾಗಿ ಇಳಿಯುತ್ತಿಲ್ಲವೆಂದಾದರೆ, ವಾಕರಿಕೆ ಅಥವಾ ಎದೆಯುರಿ ಇನ್ನೂ ಕಾಡುತ್ತಿದ್ದರೆ, ಮತ್ತೊಂದು ವಾರ ಮುಂದೂಡುವುದರಿಂದ ನಷ್ಟವೇನಿಲ್ಲ. ಶುರುಮಾಡುವಾಗ ತೆಳ್ಳಗಿನ, ಕೆಫೀನ್ ತೆಗೆದ ಕಾಫಿಯನ್ನು ಐವತ್ತು ಅರವತ್ತು ಮಿಲಿಲೀಟರ್ ಮಾತ್ರ ತೆಗೆದುಕೊಂಡು, ಅರ್ಧ ಗಂಟೆಯಷ್ಟು ನಿಧಾನವಾಗಿ ಕುಡಿದು, ಆ ದಿನ ಹೊಟ್ಟೆ ಏನು ಹೇಳುತ್ತದೆಂದು ಗಮನಿಸಿ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಾಫಿ ನಿಲ್ಲಿಸಲು ಏಕೆ ಹೇಳುತ್ತಾರೆ?

ಈ ಸಲಹೆಯನ್ನು ಜನ ಸಾಮಾನ್ಯವಾಗಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಕಾಫಿಗೆ ಸಂಬಂಧಿಸಿದ ಎಲ್ಲ ಸಲಹೆಗಳ ಪೈಕಿ ಅತಿ ಹೆಚ್ಚು ಪ್ರಯೋಜನ ಕೊಡುವುದು ಇದೇ.

ದಿನಕ್ಕೆ 100 ಮಿಲಿಗ್ರಾಂ, ಅಂದರೆ ಒಂದು ದೊಡ್ಡ ಕಪ್ಪಿನಷ್ಟು ಕೆಫೀನ್ ರೂಢಿಯಾಗಿದ್ದವರಿಗೂ ಅದು ಥಟ್ಟನೆ ನಿಂತಾಗ ತಲೆನೋವು, ಆಯಾಸ, ಕಿರಿಕಿರಿ, ಮಂಕು, ಕೆಲವೊಮ್ಮೆ ವಾಕರಿಕೆಯೂ ಬರಬಹುದು. ಈ ಲಕ್ಷಣಗಳು ಕಡೆಯ ಕಪ್ಪಿನ ನಂತರ 12ರಿಂದ 24 ಗಂಟೆಗಳಲ್ಲಿ ಕಾಣಿಸಿಕೊಂಡು, ಒಂದೆರಡು ದಿನಗಳಲ್ಲಿ ತಾರಕಕ್ಕೇರಿ, ಎರಡರಿಂದ ಒಂಬತ್ತು ದಿನಗಳವರೆಗೆ ಉಳಿಯುತ್ತವೆ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಉಪವಾಸವಿದ್ದವರಿಗೆ ಇದು ಸರಿಯಾಗಿ ಅರಿವಳಿಕೆಯಿಂದ ಎಚ್ಚೆತ್ತು ಮೊದಲ ಗುಟುಕು ನೀರಿಗೆ ಹೆಣಗುವ ಹೊತ್ತಿಗೆ ಬಂದು ಕೂರುತ್ತದೆ. ಆಗ ಬಂದ ವಾಕರಿಕೆ ಅರಿವಳಿಕೆಯದೋ, ಹೊಲಿಗೆಯದೋ, ಕಾಫಿ ಬಿಟ್ಟದ್ದರದೋ ಎಂದು ಹೇಳುವುದು ವೈದ್ಯರಿಗೂ ಸುಲಭವಲ್ಲ. ಸಾಲದ್ದಕ್ಕೆ, ಇಂಥ ತಲೆನೋವಿಗೆ ಅನೇಕರು ತಾವಾಗಿಯೇ ನುಂಗುವ ಐಬುಪ್ರೊಫೆನ್, ಆಸ್ಪಿರಿನ್ ಬಗೆಯ ಮಾತ್ರೆಗಳು ಬೈಪಾಸ್ ಆದವರಲ್ಲಿ ಹುಣ್ಣಿಗೆ ಕಾರಣವಾಗುವುದರಿಂದ ವೈದ್ಯರು ಅವನ್ನು ದೂರವಿಡಲು ಹೇಳಿರುತ್ತಾರೆ.

ಆದ್ದರಿಂದ ದಿನಾಂಕ ಗೊತ್ತಾದ ಕೂಡಲೇ, ಎರಡು ಮೂರು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಿ. ಕಪ್ಪಿನ ಸಂಖ್ಯೆಯನ್ನು ಕಡಿತಗೊಳಿಸುವುದು ಕಷ್ಟವೆನಿಸಿದರೆ, ನಾಲ್ಕೈದು ದಿನಕ್ಕೊಮ್ಮೆ ಪುಡಿಯ ಕಾಲು ಭಾಗದ ಬದಲಿಗೆ ಕೆಫೀನ್ ತೆಗೆದ ಪುಡಿ ಬೆರೆಸುತ್ತಾ ಹೋಗಬಹುದು. ಕಪ್ಪು ಕೈಯಲ್ಲೇ ಇರುತ್ತದೆ, ಕೆಫೀನ್ ಮಾತ್ರ ಸದ್ದಿಲ್ಲದೆ ಕರಗುತ್ತದೆ.

ಕಾಫಿ ಕುಡಿದರೆ ದೇಹದ ನೀರು ಹೊರಟುಹೋಗುತ್ತದೆಯೇ? ಅದನ್ನು ದಿನದ ದ್ರವದ ಲೆಕ್ಕಕ್ಕೆ ಸೇರಿಸಬಹುದೇ?

ಕೆಫೀನ್ ಮೂತ್ರವನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಒಂದೇ ಸಲ ಸುಮಾರು 250ರಿಂದ 300 ಮಿಲಿಗ್ರಾಂ ಸೇವಿಸಿದಾಗ ಅದು ಎದ್ದು ಕಾಣುತ್ತದೆ, ಅದೂ ಅಭ್ಯಾಸವಿಲ್ಲದವರಲ್ಲಿ ಹೆಚ್ಚು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಫಿ ರೂಢಿಯಿದ್ದ 50 ಪುರುಷರಿಗೆ ಮೂರು ದಿನ ದಿನಕ್ಕೆ ನಾಲ್ಕು ಕಪ್ ಕಾಫಿಯನ್ನೂ ಮತ್ತೊಂದು ಸರದಿಯಲ್ಲಿ ಅಷ್ಟೇ ನೀರನ್ನೂ ಕೊಟ್ಟು ನೋಡಿದಾಗ, ದೇಹದ ನೀರಿನಂಶದ ಅಳತೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಫಿಯಲ್ಲಿ ಇರುವುದು ಬಹುಪಾಲು ನೀರೇ ಅಲ್ಲವೇ.

ಆದರೂ ಮೊದಲ ಮೂರು ತಿಂಗಳಲ್ಲಿ ಅದನ್ನು ಒಂದೂವರೆ ಲೀಟರಿನ ಲೆಕ್ಕಕ್ಕೆ ಸೇರಿಸದಿರುವುದೇ ಒಳಿತೆಂದು ನನಗೆ ತೋರುತ್ತದೆ. ಆ ಅಧ್ಯಯನದವರು ಆರೋಗ್ಯವಂತರು, ಒಂದೇ ಸಲಕ್ಕೆ ಇಡೀ ಲೋಟ ಖಾಲಿ ಮಾಡಬಲ್ಲವರು. ಗಂಟೆಗೆ ನೂರು ಮಿಲಿಲೀಟರ್ ಕುಡಿಯಲೂ ಪರದಾಡುವವರಿಗೆ ಕಾಫಿ ಕುಡಿದ ಅರ್ಧ ಗಂಟೆ ಎಂದರೆ ನೀರು ಕುಡಿಯದ ಅರ್ಧ ಗಂಟೆ. ಮೂತ್ರ ತಿಳಿ ಹಳದಿಯಾಗಿದ್ದರೆ ಚಿಂತೆಯಿಲ್ಲ. ಗಾಢವಾಗಿದ್ದರೆ, ನಿಂತಾಗ ತಲೆ ಸುತ್ತುತ್ತಿದ್ದರೆ, ಮೊದಲು ನೀರು.

ಮೊದಲು ಮೂರು ಕಪ್ ಕುಡಿದರೂ ಏನೂ ಆಗುತ್ತಿರಲಿಲ್ಲ, ಈಗ ಅರ್ಧ ಕಪ್ಪಿಗೇ ಎದೆ ಹೊಡೆದುಕೊಳ್ಳುತ್ತದೆ. ಏಕೆ?

ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿಕೊಂಡಿರಬಹುದು. ಕೆಫೀನ್ ಮುಖ್ಯವಾಗಿ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಮೊದಲು ಜಠರವು ಕಾಫಿಯನ್ನು ಇತರ ಆಹಾರದೊಂದಿಗೆ ತಡೆಹಿಡಿದು, ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತಿತ್ತು. ಬೈಪಾಸ್ ಆದ ಮೇಲೆ ದ್ರವ ನೇರವಾಗಿ ಕರುಳಿಗೆ ಜಾರುತ್ತದೆ. ಜೊತೆಗೆ, ಕೆಲವು ವಾರ ಕಾಫಿ ಬಿಟ್ಟಿದ್ದರಿಂದ ದೇಹದ ಹಳೆಯ ರೂಢಿ ಕಳೆದಿರುತ್ತದೆ, ಹೊಟ್ಟೆಯಲ್ಲಿ ಆಹಾರವೂ ಕಡಿಮೆಯಿರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಹೆಚ್ಚು ಕಾಲ ಉಳಿಯುತ್ತದೆ. ಧೂಮಪಾನಿಗಳ ದೇಹ ಅದನ್ನು ಬೇಗ ಕರಗಿಸುತ್ತದೆ. ಶಸ್ತ್ರಚಿಕಿತ್ಸೆಗೆಂದು ಸಿಗರೇಟು ಬಿಟ್ಟವರಲ್ಲಿ ಆ ವೇಗ ಇಳಿಯುವುದರಿಂದ ಅದೇ ಕಪ್ಪು ಈಗ ಹೆಚ್ಚು ನಾಟುತ್ತದೆ. ಈ ಕಡೆಯ ಕಾರಣ ಯಾರಿಗೂ ಹೊಳೆಯುವುದೇ ಇಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಕೆಫೀನ್ ಸರಿ?

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಒಂದೇ ಸಲಕ್ಕೆ 200 ಮಿಲಿಗ್ರಾಂವರೆಗೆ ಸುರಕ್ಷಿತವೆಂದು ಹೇಳಿತು. ಇದು ಜಠರ ಕತ್ತರಿಸಿಕೊಂಡವರಿಗಾಗಿ ಹಾಕಿದ ಗೆರೆಯಲ್ಲ, ಆದ್ದರಿಂದ ಅಲ್ಲಿಯವರೆಗೂ ಹೋಗುವ ಹಕ್ಕೆಂದು ಅದನ್ನು ಓದಿಕೊಳ್ಳಬಾರದು. ಸುಮಾರು 240 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 95 ಮಿಲಿಗ್ರಾಂ, ಅಷ್ಟೇ ಇನ್‌ಸ್ಟಂಟ್ ಕಾಫಿಯಲ್ಲಿ 60, ಒಂದು ಚಿಕ್ಕ ಎಸ್ಪ್ರೆಸೊದಲ್ಲಿ 63, ಕಪ್ಪು ಚಹಾದಲ್ಲಿ 47 ಮಿಲಿಗ್ರಾಂ ಆಸುಪಾಸಿನಲ್ಲಿ ಕೆಫೀನ್ ಇರುತ್ತದೆ; ಪುಡಿಯ ಬಗೆ ಮತ್ತು ಡಿಕಾಕ್ಷನ್ನಿನ ಗಟ್ಟಿತನದ ಮೇಲೆ ಈ ಅಂಕಿಗಳು ಸಾಕಷ್ಟು ಏರಿಳಿಯುತ್ತವೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಚಿಕ್ಕ ಕಪ್ ಎಂಬುದು ಬಹುತೇಕರಿಗೆ ತೊಡಕಿಲ್ಲದೆ ನಡೆಯುವ ಲೆಕ್ಕ.

ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ಮಲಗುವುದಕ್ಕೆ ಆರು ಗಂಟೆ ಮುಂಚೆ ದೊಡ್ಡ ಪ್ರಮಾಣದಲ್ಲಿ ಸೇವಿಸಿದರೂ ನಿದ್ದೆ ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ನಿದ್ದೆಗೆಟ್ಟ ಮರುದಿನ ಹಸಿವೂ ಸಿಹಿಯ ಆಸೆಯೂ ಹೆಚ್ಚುವುದು ಎಲ್ಲರ ಅನುಭವ; ತೂಕದ ದಾರಿಯಲ್ಲಿರುವವರಿಗೆ ಇದು ಸಣ್ಣ ಸಂಗತಿಯಲ್ಲ. ಮಧ್ಯಾಹ್ನದ ನಂತರ ಬೇಡ.

ಕಾಫಿಗೂ ಕಬ್ಬಿಣಾಂಶದ ಮಾತ್ರೆಗೂ ಎಷ್ಟು ಅಂತರ ಬೇಕು?

ಬೇರೆಲ್ಲ ಉತ್ತರಗಳನ್ನು ಮರೆತರೂ ಇದನ್ನು ಮರೆಯಬಾರದು. ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರವು ಆ ಭಾಗವನ್ನು ಮುಟ್ಟದೆಯೇ ಮುಂದೆ ಹೋಗುತ್ತದೆ. ಸ್ಲೀವ್‌ನಲ್ಲಿ ದಾರಿ ಬದಲಾಗದಿದ್ದರೂ ಜಠರದ ಆಮ್ಲ ಕಡಿಮೆಯಾಗುತ್ತದೆ, ಆ ಆಮ್ಲವಿಲ್ಲದೆ ಕಬ್ಬಿಣವು ಹೀರಿಕೊಳ್ಳಲು ತಕ್ಕ ರೂಪಕ್ಕೆ ಬರುವುದು ಕಷ್ಟ. ಅದಕ್ಕೇ ಬೈಪಾಸ್, ಸ್ಲೀವ್ ಆದವರಿಗೆ, ಅವರಲ್ಲಿ ಮುಟ್ಟಾಗುವ ಮಹಿಳೆಯರೂ ಸೇರಿ, ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣವನ್ನು ಮಾತ್ರೆಗಳ ಮೂಲಕ ಕೊಡಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ.

ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಗೊಳ್ಳುವ ಪ್ರಯೋಗವೊಂದರಲ್ಲಿ, ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇಕಡಾ 39ರಷ್ಟು ಕುಸಿಯಿತು. ಚಹಾ ಕುಡಿದಾಗ ಶೇಕಡಾ 64ರಷ್ಟು. ಕಾಫಿ ಗಟ್ಟಿಯಾದಷ್ಟೂ ಕುಸಿತ ಹೆಚ್ಚಿತು. ಆ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಬಯಲಾಯಿತು, ಅದರ ಕಡೆಗೆ ಸಲಹೆಗಾರರ ಗಮನವೂ ಅಷ್ಟಾಗಿ ಹೋಗಿಲ್ಲ: ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ತೊಂದರೆಯಾಗಲಿಲ್ಲ, ಆದರೆ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಕುಡಿದ ಕಾಫಿ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು. ಅಂದರೆ, ಊಟ ಮುಗಿಸಿ ತುಸು ತಡೆದು ಕುಡಿಯುತ್ತೇನೆಂಬ ಸಮಾಧಾನ ಸಾಲದು. ಕಾಫಿ ಮೊದಲು, ಒಂದು ಗಂಟೆ ಬಿಟ್ಟು ಊಟ ಅಥವಾ ಮಾತ್ರೆ. ಇಲ್ಲವೇ ಮಾತ್ರೆ ಮೊದಲು, ಕನಿಷ್ಠ ಎರಡು ಗಂಟೆ ಬಿಟ್ಟು ಕಾಫಿ. ಈ ಲೆಕ್ಕಾಚಾರವೇ ತಲೆನೋವೆನಿಸಿದರೆ ಕಬ್ಬಿಣದ ಮಾತ್ರೆಯನ್ನು ರಾತ್ರಿ ಮಲಗುವ ಮುಂಚಿನ ಹೊತ್ತಿಗೆ ಸಾಗಿಸಿಬಿಡುವುದು ಎಲ್ಲಕ್ಕಿಂತ ಸುಲಭ, ಎದೆಯುರಿ ಇಲ್ಲದವರಿಗೆ.

ಕ್ಯಾಲ್ಸಿಯಂ ಮತ್ತು ಬೇರೆ ಔಷಧಗಳ ವಿಷಯವೇನು?

ಕೆಫೀನ್ ಮೂತ್ರದ ಮೂಲಕ ಕಳೆಯುವ ಕ್ಯಾಲ್ಸಿಯಂ ಬಹಳ ಅಲ್ಪ. ಕಪ್ಪಿಗೆ ಬೆರೆಸುವ ಒಂದೆರಡು ದೊಡ್ಡ ಚಮಚ ಹಾಲೇ ಅದನ್ನು ಸರಿದೂಗಿಸುತ್ತದೆ. ದಿನಕ್ಕೆ ಬೇಕಾದ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಎರಡು ಮೂರು ಭಾಗ ಮಾಡಿ, ಕಬ್ಬಿಣದ ಮಾತ್ರೆಯಿಂದ ಎರಡು ಗಂಟೆ ದೂರವಿಟ್ಟು ತೆಗೆದುಕೊಳ್ಳುತ್ತಿದ್ದರೆ ಇಲ್ಲಿ ಕಾಫಿಯನ್ನು ದೂರುವಂತಿಲ್ಲ.

ಥೈರಾಯ್ಡ್ ಮಾತ್ರೆಯ ಕಥೆ ಬೇರೆ. ಲೆವೊಥೈರಾಕ್ಸಿನ್ ಅನ್ನು ಕಾಫಿಯ ಜೊತೆ ನುಂಗಿದರೆ ಅದರ ಹೀರಿಕೆ ಕುಗ್ಗುತ್ತದೆ; ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಕಾಫಿ ಕುಡಿಯಬೇಕು, ಕ್ಯಾಲ್ಸಿಯಂಗೂ ಈ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಬೇಕು. ಲಿಥಿಯಂ ತೆಗೆದುಕೊಳ್ಳುವವರು ಕಾಫಿಯನ್ನು ಥಟ್ಟನೆ ಬಿಟ್ಟರೆ ರಕ್ತದಲ್ಲಿ ಆ ಔಷಧದ ಮಟ್ಟ ಏರಬಹುದಾದ್ದರಿಂದ, ಬಿಡುವ ಮುಂಚೆಯೂ ಮತ್ತೆ ಶುರುಮಾಡುವ ಮುಂಚೆಯೂ ತಮ್ಮ ಮನೋವೈದ್ಯರಿಗೆ ತಿಳಿಸಬೇಕು. ಸಿಪ್ರೊಫ್ಲೊಕ್ಸಾಸಿನ್ ಎಂಬ ಪ್ರತಿಜೀವಕವು ಕೆಫೀನ್ ಕರಗುವುದನ್ನು ನಿಧಾನಗೊಳಿಸುತ್ತದೆ. ಅದನ್ನು ನುಂಗುವಷ್ಟು ದಿನ ಕಾಫಿಗೆ ರಜೆ ಕೊಡುವುದು ಮೇಲು.

ಕಾಫಿಯಿಂದ ಎದೆಯುರಿ ಬರುತ್ತದೆಯೇ? ಹುಣ್ಣಾಗುತ್ತದೆಯೇ?

ಎದೆಯುರಿ ಬರಬಹುದು, ಮುಖ್ಯವಾಗಿ ಸ್ಲೀವ್ ಆದವರಲ್ಲಿ. ಆ ಕಿರಿದಾದ ಕೊಳವೆಯೊಳಗೆ ಒತ್ತಡ ಹೆಚ್ಚಿರುತ್ತದೆ, ಕಾಫಿ ಒಂದು ಕಡೆ ಆಮ್ಲ ಸ್ರವಿಸುವುದನ್ನು ಪ್ರಚೋದಿಸಿ ಮತ್ತೊಂದು ಕಡೆ ಅನ್ನನಾಳದ ಕೆಳಗಿನ ಬಿಗಿತವನ್ನು ಕೆಲವರಲ್ಲಿ ಸಡಿಲಿಸುವುದರಿಂದ ಹುಳಿ ಮೇಲಕ್ಕೆ ನುಗ್ಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ನಿಮಗೆ ಆಗುತ್ತದೆಯೇ ಎಂದು ತಿಳಿಯಲು ಎರಡು ವಾರ ಬಿಟ್ಟು, ಮತ್ತೆ ಶುರುಮಾಡಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇಲ್ಲ. ಖಾಲಿ ಹೊಟ್ಟೆಯ ಗಟ್ಟಿ ಕಾಫಿ, ಕುಡಿದ ಕೂಡಲೇ ಮಲಗುವುದು, ಈ ಎರಡನ್ನು ಕೈಬಿಟ್ಟರೆ ಅನೇಕರ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಹುಣ್ಣಿನ ವಿಷಯದಲ್ಲಿ ಕಾಫಿಯ ಮೇಲಿನ ಆರೋಪ ಅದರ ಯೋಗ್ಯತೆಗಿಂತ ದೊಡ್ಡದು. ಬೈಪಾಸ್‌ನಲ್ಲಿ ಜಠರದ ಚೀಲ ಮತ್ತು ಕರುಳು ಕೂಡುವ ಜಾಗದಲ್ಲಿ ಆಗುವ ಹುಣ್ಣಿಗೆ ಧೂಮಪಾನ, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ಮತ್ತು ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಬಲವಾದ ಕಾರಣಗಳು. ಸಿಗರೇಟನ್ನು ಉಳಿಸಿಕೊಂಡು ಕಾಫಿಯನ್ನು ಬಿಟ್ಟವರು ತಪ್ಪು ಬಾಗಿಲಿಗೆ ಬೀಗ ಹಾಕಿದಂತೆ. ಆದರೆ ಹುಣ್ಣು ಈಗಾಗಲೇ ಇದ್ದು ಚಿಕಿತ್ಸೆ ನಡೆಯುತ್ತಿದ್ದರೆ, ಮಾಯುವವರೆಗೆ ಕಾಫಿ ನಿಲ್ಲಿಸಬೇಕೆಂದು ವೈದ್ಯರು ಹೇಳುವುದರಲ್ಲಿ ಅರ್ಥವಿದೆ.

ಹಾಲು, ಸಕ್ಕರೆ, ಕೆನೆ ಹಾಕಬಹುದೇ?

ಬರಿಯ ಕಪ್ಪು ಕಾಫಿಯಲ್ಲಿ ಕಪ್ಪಿಗೆ ಎರಡರಿಂದ ಐದು ಕ್ಯಾಲರಿಯಷ್ಟೇ ಇರುತ್ತದೆ. ಅದಕ್ಕೆ ಬೆರೆಸುವ ವಸ್ತುಗಳೇ ಲೆಕ್ಕ ಕೆಡಿಸುತ್ತವೆ. ಒಂದು ಚಿಕ್ಕ ಚಮಚ ಸಕ್ಕರೆಗೆ ಸುಮಾರು 16 ಕ್ಯಾಲರಿ, ಒಂದು ದೊಡ್ಡ ಚಮಚ ಗಟ್ಟಿ ಕೆನೆಗೆ ಸುಮಾರು 50. ಸಿರಪ್, ಕೆನೆ, ಐಸ್‌ಕ್ರೀಂ ಸೇರಿಸಿ ಎತ್ತರದ ಲೋಟದಲ್ಲಿ ಕೊಡುವ ತಣ್ಣನೆಯ ಕಾಫಿಯಲ್ಲಿ 300 ದಾಟುವುದು ಸಾಮಾನ್ಯ. ಇನ್ನೊಂದು ಅಪಾಯವೆಂದರೆ ಇವೆಲ್ಲ ದ್ರವರೂಪದ ಕ್ಯಾಲರಿಗಳು. ಚಿಕ್ಕದಾದ ಜಠರವು ಗಟ್ಟಿ ಆಹಾರವನ್ನು ತಡೆದು ಹೊಟ್ಟೆ ತುಂಬಿದ ಭಾವ ಕೊಡುತ್ತದೆ, ಆದರೆ ದ್ರವ ಅದರ ಕೈಗೆ ಸಿಗದೆ ಜಾರಿಹೋಗುತ್ತದೆ. ಶಸ್ತ್ರಚಿಕಿತ್ಸೆ ಕಟ್ಟಿದ ಅಣೆಕಟ್ಟಿನಲ್ಲಿ ಇದೊಂದು ಸೋರುವ ಬಿರುಕು. ಒಂದೆರಡು ವರ್ಷಗಳ ನಂತರ ತೂಕ ಮೆಲ್ಲಗೆ ಏರತೊಡಗಿದಾಗ ಆಹಾರತಜ್ಞರು ಲೋಟಗಳ ಬಗ್ಗೆ ವಿಚಾರಿಸುವುದು ಇದಕ್ಕಾಗಿಯೇ.

ಸಕ್ಕರೆಯಿಂದ ಡಂಪಿಂಗ್ ಎಂಬ ತೊಂದರೆಯೂ ಬರುತ್ತದೆ, ಬೈಪಾಸ್ ಆದವರಲ್ಲಿ ಹೆಚ್ಚಾಗಿ. ಸಿಹಿ ದ್ರವ ಒಮ್ಮೆಲೇ ಕರುಳಿಗೆ ಇಳಿದಾಗ ಅದನ್ನು ತೆಳುವಾಗಿಸಲು ರಕ್ತದಿಂದ ನೀರು ಕರುಳಿನೊಳಕ್ಕೆ ಧಾವಿಸುತ್ತದೆ. ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಹೊಟ್ಟೆ ಕಿವುಚುವುದು, ಬೆವರು, ಎದೆಬಡಿತ, ಭೇದಿ ಶುರುವಾಗುತ್ತವೆ. ಸಕ್ಕರೆಯ ಬದಲು ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥವನ್ನು ಬಳಸಿದರೆ ಕೆಲವರಿಗೆ ವಾಯು ಮತ್ತು ಭೇದಿ.

ಕೆನೆ ತೆಗೆದ ಹಾಲನ್ನು ಬೆರೆಸುವುದರಲ್ಲಿ ತಪ್ಪಿಲ್ಲ, 100 ಮಿಲಿಲೀಟರಿಗೆ ಮೂರು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹಾಲು ಒಗ್ಗದಂತಾದವರು ಲ್ಯಾಕ್ಟೋಸ್ ಇಲ್ಲದ ಹಾಲನ್ನೋ ಸಿಹಿ ಸೇರಿಸದ ಸೋಯಾ ಹಾಲನ್ನೋ ಪ್ರಯತ್ನಿಸಬಹುದು.

ಕಾಫಿಗೆ ಪ್ರೋಟೀನ್ ಪುಡಿ ಬೆರೆಸಿ ಕುಡಿಯಬಹುದೇ?

ಬೆರೆಸಬಹುದು, ಕಾಫಿಯನ್ನು ಬಿಡಲಾರದವರಿಗೆ ಇದು ಜಾಣತನದ ಒಪ್ಪಂದ. ಆದರೆ ಕುದಿಯುವ ಕಾಫಿಗೆ ಹಾಲಿನ ಪ್ರೋಟೀನ್ ಪುಡಿ ಸುರಿದರೆ ಅದು ಗಂಟುಗಂಟಾಗಿ ಒಡೆಯುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲೋ ಹಾಲಿನಲ್ಲೋ ನುಣ್ಣಗೆ ಕಲಸಿ, ಕಾಫಿ ಉಗುರುಬೆಚ್ಚಗಾದ ಮೇಲೆ ನಿಧಾನವಾಗಿ ಸೇರಿಸಬೇಕು. ಹೀಗೆ ಮಾಡಿದ ಕಪ್ಪನ್ನು ಪಾನೀಯವೆಂದಲ್ಲ, ಆಹಾರವೆಂದೇ ಎಣಿಸಬೇಕು.

ಕೆಫೀನ್ ತೆಗೆದ ಕಾಫಿ ಪೂರ್ತಿ ನಿರಪಾಯವೇ?

ಕೆಫೀನಿನ ಮಟ್ಟಿಗೆ ಬಹುಪಾಲು ಹೌದು, ಕಪ್ಪಿಗೆ 2ರಿಂದ 15 ಮಿಲಿಗ್ರಾಂ ಮಾತ್ರ ಉಳಿದಿರುತ್ತದೆ. ಆದರೆ ಕಬ್ಬಿಣವನ್ನು ಕಟ್ಟಿಹಾಕುವ ಪಾಲಿಫಿನಾಲ್‌ಗಳು ಅದರಲ್ಲಿಯೂ ಇವೆ, ಆಮ್ಲವನ್ನು ಪ್ರಚೋದಿಸುವ ಗುಣವೂ ಪೂರ್ತಿ ಹೋಗಿರುವುದಿಲ್ಲ. ಆದ್ದರಿಂದ ಮಾತ್ರೆಗಳ ಅಂತರದ ನಿಯಮ ಇದಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಊಟದ ಜೊತೆ ಕಾಫಿ ಕುಡಿಯಬಾರದೇಕೆ?

ಕಿರಿದಾದ ಜಠರದಲ್ಲಿ ಊಟಕ್ಕೂ ದ್ರವಕ್ಕೂ ಒಟ್ಟಿಗೆ ಜಾಗವಿಲ್ಲದ್ದರಿಂದ ಊಟದ ಜೊತೆ ನೀರನ್ನೂ ಕುಡಿಯಬಾರದು. ಊಟವಾದ ಮೇಲೆ ಮೂವತ್ತು ನಿಮಿಷವಾದರೂ ಕಾಯಬೇಕು. ಕಬ್ಬಿಣದ ಮಾತನ್ನು ಮೇಲೆಯೇ ಹೇಳಿದ್ದಾಗಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಾಫಿಗೆ ಮೂವತ್ತು ನಿಮಿಷವೂ ಸಾಲದು.

ಕಾಫಿ ಕುಡಿದರೆ ಹಸಿವೇ ಆಗುವುದಿಲ್ಲ. ಬೆಳಗಿನ ತಿಂಡಿ ಬಿಟ್ಟರೆ ತೂಕ ಇನ್ನೂ ಬೇಗ ಇಳಿಯುವುದಿಲ್ಲವೇ?

ತಕ್ಕಡಿಯ ಮುಳ್ಳು ಇಳಿಯಬಹುದು, ಆದರೆ ಇಳಿಯುವುದು ಕೊಬ್ಬು ಮಾತ್ರವಲ್ಲ. ಮೊದಲ ತಿಂಗಳುಗಳಲ್ಲಿ ಹಸಿವು ಹೇಗಿದ್ದರೂ ಮಂಕಾಗಿರುತ್ತದೆ. ಆಗ ಹಸಿವನ್ನು ನಂಬದೆ ಗಡಿಯಾರವನ್ನು ನಂಬಿ ತಿನ್ನಬೇಕಾಗಿರುತ್ತದೆ. ಕಾಫಿಯೊಂದರಲ್ಲೇ ಬೆಳಗನ್ನು ಕಳೆದವರಿಗೆ 60 ಗ್ರಾಂ ಪ್ರೋಟೀನನ್ನು ಉಳಿದ ಅರ್ಧ ದಿನದಲ್ಲಿ ತುರುಕಲು ಆಗುವುದಿಲ್ಲ, ಏಕೆಂದರೆ ತುರುಕಲು ಜಾಗವೇ ಇಲ್ಲ. ಪ್ರೋಟೀನ್ ಸಾಲದಿದ್ದರೆ ದೇಹ ಸ್ನಾಯುವನ್ನು ಕರಗಿಸುತ್ತದೆ; ಸುಸ್ತು ಹತ್ತುತ್ತದೆ, ಕೂದಲು ಉದುರುವುದು ಹೆಚ್ಚುತ್ತದೆ. ಸುಸ್ತಿಗೆ ಮದ್ದೆಂದು ಮತ್ತೊಂದು ಕಾಫಿ, ಅದರಿಂದ ಮತ್ತೊಂದು ಊಟ ತಪ್ಪುವುದು, ಹೀಗೆ ಒಂದು ಚಕ್ರವೇ ಸುತ್ತತೊಡಗುತ್ತದೆ. ಕಬ್ಬಿಣ ಕಡಿಮೆಯಾದಾಗಿನ ಆಯಾಸವನ್ನು ಕಾಫಿಯಿಂದ ಓಡಿಸಲು ಹೊರಟವರು ಆ ಕಬ್ಬಿಣವನ್ನೇ ಇನ್ನಷ್ಟು ಕಳೆದುಕೊಳ್ಳುತ್ತಿರುತ್ತಾರೆಂಬುದು ಇದರೊಳಗಿನ ವಿಪರ್ಯಾಸ. ದಿನವೂ ಮಧ್ಯಾಹ್ನದ ಹೊತ್ತಿಗೆ ಕಾಲೆಳೆಯುವಷ್ಟು ಆಯಾಸವಾಗುತ್ತಿದ್ದರೆ ಮತ್ತೊಂದು ಕಪ್ಪಿನ ಮುಂಚೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿ.

ಕಾಫಿ ಕುಡಿದ ಎರಡು ಗಂಟೆಗೆ ಕೈ ನಡುಗುತ್ತದೆ, ಬೆವರುತ್ತದೆ. ಇದು ಕೆಫೀನಿನದೇ?

ಹೊತ್ತನ್ನು ಗಮನಿಸಿ. ಕೆಫೀನ್ ರಕ್ತದಲ್ಲಿ ಉತ್ತುಂಗಕ್ಕೇರುವುದು ಸಾಮಾನ್ಯವಾಗಿ ಮೂವತ್ತರಿಂದ ಅರವತ್ತು ನಿಮಿಷಗಳಲ್ಲಿ. ನಡುಕ ಆ ಹೊತ್ತಿಗೆ ಬಂದರೆ ಅನುಮಾನ ಕೆಫೀನಿನ ಮೇಲೆ. ಸಿಹಿ ಕಾಫಿ ಕುಡಿದು ಒಂದರಿಂದ ಮೂರು ಗಂಟೆಗಳ ನಂತರ ನಡುಕ, ಬೆವರು, ಕಣ್ಣು ಮಂಜಾಗುವುದು, ತಬ್ಬಿಬ್ಬು ಬಂದರೆ, ಸಕ್ಕರೆ ಒಮ್ಮೆಲೇ ಏರಿ ಇನ್ಸುಲಿನ್ ಉಕ್ಕಿ, ರಕ್ತದ ಸಕ್ಕರೆ ಅತಿಯಾಗಿ ಕುಸಿದಿರಬಹುದು. ಇಂಥ ಕುಸಿತ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕಳೆದ ಮೇಲೆ ಮೊದಲ ಸಲ ತೋರುವುದರಿಂದ, ಇದಕ್ಕೂ ಆ ಹಳೆಯ ಶಸ್ತ್ರಚಿಕಿತ್ಸೆಗೂ ನಂಟಿದೆಯೆಂದು ಅನೇಕರಿಗೆ ಅನಿಸುವುದೇ ಇಲ್ಲ. ಆ ಹೊತ್ತಿನಲ್ಲಿ ಗ್ಲೂಕೋಮೀಟರಿನಲ್ಲಿ ಅಳೆದು, ಅಂಕಿಯನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ವಾಹನ ಓಡಿಸುವವರು ಇದನ್ನು ಮುಂದೂಡಲೇಬಾರದು.

ಮೊದಲು ಪ್ರಾಣವಾಗಿದ್ದ ಕಾಫಿಯ ವಾಸನೆಯೇ ಈಗ ಸಹಿಸಲಾಗುತ್ತಿಲ್ಲ. ಇದು ಸಹಜವೇ?

ಸಹಜ. ರುಚಿ ಮತ್ತು ವಾಸನೆಯ ಗ್ರಹಿಕೆ ಶಸ್ತ್ರಚಿಕಿತ್ಸೆಯ ನಂತರ ಅನೇಕರಲ್ಲಿ ಬದಲಾಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ. ಬಲವಂತದಿಂದ ಕುಡಿಯಬೇಕಾದ ಪಾನೀಯ ಇದಲ್ಲ.

ಕಾಫಿ ಮಲಬದ್ಧತೆಗೆ ಒಳ್ಳೆಯದೆನ್ನುತ್ತಾರೆ, ನಿಜವೇ?

ಕಾಫಿಯಿಂದ ದೊಡ್ಡ ಕರುಳಿನ ಚಲನೆ ಕೆಲವರಲ್ಲಿ ನಿಮಿಷಗಳೊಳಗೆ ಹೆಚ್ಚುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಮೂರು ಸಲ ಕಾಫಿ ಕೊಟ್ಟಾಗ ಮೊದಲ ಮಲವಿಸರ್ಜನೆ ಸುಮಾರು 60 ಗಂಟೆಗಳಲ್ಲಿ ಆಯಿತು, ನೀರು ಕುಡಿದವರಲ್ಲಿ 74 ಗಂಟೆ ಹಿಡಿಯಿತು. ಅದು ಜಠರದ ಶಸ್ತ್ರಚಿಕಿತ್ಸೆಯವರ ಮೇಲೆ ನಡೆದ ಪ್ರಯೋಗವಲ್ಲವಾದ್ದರಿಂದ ಇದನ್ನು ಹಿಡಿದುಕೊಂಡು ಮೊದಲ ವಾರದಲ್ಲೇ ಕಾಫಿ ಕೇಳುವುದು ಸರಿಯಲ್ಲ. ನಿಮ್ಮ ಮಲಬದ್ಧತೆಗೆ ಬಹುಮಟ್ಟಿಗೆ ನೀರು ಸಾಲದಿರುವುದು ಮತ್ತು ಕಬ್ಬಿಣದ ಮಾತ್ರೆಯೇ ಕಾರಣವಾಗಿರುತ್ತವೆ.

ಗರ್ಭಿಣಿಯಾದರೆ?

ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಲು ಸಾಮಾನ್ಯವಾಗಿ ಹೇಳುತ್ತಾರೆ. ಗರ್ಭಿಣಿಯರಿಗೆ ಕೆಫೀನಿನ ಮಿತಿ ದಿನಕ್ಕೆ 200 ಮಿಲಿಗ್ರಾಂ. ಕೊನೆಯ ತಿಂಗಳುಗಳಲ್ಲಿ ಕೆಫೀನ್ ದೇಹದಲ್ಲಿ ಎರಡು ಮೂರು ಪಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ, ಕಬ್ಬಿಣದ ಬೇಡಿಕೆಯೂ ಏರಿರುತ್ತದೆ. ಆ ಮಿತಿಗಿಂತ ಸಾಕಷ್ಟು ಕೆಳಗೇ ಇರುವುದು ವಿವೇಕ.

ಯಾವ ಲಕ್ಷಣ ಕಂಡರೆ ಕಾಫಿಯನ್ನು ದೂರದೆ ವೈದ್ಯರ ಬಳಿಗೆ ಹೋಗಬೇಕು?

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ಕಣಗಳು ಕಂಡರೆ, ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹೊಡೆಯುತ್ತಿದ್ದರೆ ಕಾಯಬೇಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದು ಹುಣ್ಣಿನ ರಕ್ತವಲ್ಲವೆಂದು ಮನೆಯಲ್ಲೇ ತೀರ್ಮಾನಿಸುವುದು ಸಲ್ಲದು. ಬೇಗನೆ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಸಾಮಾನ್ಯ. ಬಲ ಪಕ್ಕೆಲುಬಿನ ಕೆಳಗೆ ಅಲೆಯಂತೆ ಬರುವ ನೋವನ್ನು ಕಾಫಿಯ ಉರಿಯೆಂದುಕೊಂಡು ದಿನ ತಳ್ಳಬಾರದು. ಕೆಲವು ದಿನಗಳಿಂದ ಬಿಡದೆ ವಾಂತಿಯಾಗುತ್ತಿದ್ದರೆ ಬಿ1 ಜೀವಸತ್ವ ಬೇಗ ಬರಿದಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಅಂಥ ಸಂದರ್ಭದಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಮುಂಚೆಯೇ, ನಿಮಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದೆ ಎಂದೂ ಬಿ1 ಚುಚ್ಚುಮದ್ದು ಮೊದಲು ಬೇಕಾಗಬಹುದೆಂದೂ ನೀವೇ ಅಥವಾ ನಿಮ್ಮ ಜೊತೆ ಬಂದವರು ಬಾಯಿಬಿಟ್ಟು ಹೇಳಬೇಕು.